ಗರಿಷ್ಠ–ಕನಿಷ್ಠ ಸಮಸ್ಯೆಗಳು: ಅವಕಲನಕ್ಕೆ ಮೊದಲಿನ ಪಾಠ

(ಜಹೀರಾಬಾದ್, ನಾರಾಯಣಖೇಡ್ ಮತ್ತು ತಾಂಡೂರು ಭಾಗದ ಕನ್ನಡ ಮಾಧ್ಯಮ ಗಣಿತ ಶಿಕ್ಷಕರಿಗೆ ನೀಡಿದ ಉಪನ್ಯಾಸ)



ಕಲನಶಾಸ್ತ್ರದ ನೆರವಿನಿಂದ ಗರಿಷ್ಠ ಹಾಗೂ ಕನಿಷ್ಠ ಬೆಲೆಗಳನ್ನು ಕಂಡುಹಿಡಿಯುವುದು ಇಂದಿನ ವಿಷಯ. ಇದು ನಮ್ಮ ಹತ್ತನೆಯ ತರಗತಿಯ ಪಾಠವಲ್ಲ. ಇಂಟರ್‌ಮೀಡಿಯಟ್ ಮೊದಲ ವರ್ಷದಲ್ಲಿ, ನಿಷ್ಪನ್ನಗಳ ಅನ್ವಯಗಳನ್ನು ಹೇಳುವ ಅಧ್ಯಾಯದಲ್ಲಿ ಬರುತ್ತದೆ. ಹಾಗಾದರೆ ಪ್ರೌಢಶಾಲೆಯವರಾದ ನಮಗೆ ಈ ಚರ್ಚೆ ಏಕೆ ಎಂದು ತಾವು ಕೇಳಬಹುದು. ನಮ್ಮಲ್ಲಿ ಕನ್ನಡದಲ್ಲಿ ಓದಿದ ಮಕ್ಕಳು ಮುಂದೆ ಇಂಗ್ಲಿಷ್ ಅಥವಾ ತೆಲುಗು ಮಾಧ್ಯಮಕ್ಕೆ ಹೋಗಿ ಆ ಅಧ್ಯಾಯವನ್ನು ಎದುರಿಸಬೇಕಾಗುತ್ತದೆ. ಅವಕಲನದ ನಿಯಮಗಳನ್ನು ಅವರು ಕೆಲವು ವಾರಗಳಲ್ಲಿ ರೂಢಿಸಿಕೊಳ್ಳಬಲ್ಲರು. ಆದರೆ ಮಾತಿನಲ್ಲಿರುವ ಸಮಸ್ಯೆಯನ್ನು ಸಮೀಕರಣವಾಗಿ ಬರೆಯುವ ಶಕ್ತಿ ಕೆಲವು ವಾರಗಳಲ್ಲಿ ಬರುವುದಿಲ್ಲ. ಅದನ್ನು ಎಂಟರಿಂದ ಹತ್ತನೆಯ ತರಗತಿಯವರೆಗೆ, ಮಗುವಿಗೆ ಚೆನ್ನಾಗಿ ತಿಳಿದ ಭಾಷೆಯಲ್ಲಿ, ನಾವೇ ಬೆಳೆಸಬೇಕು.

ಒಂದೇ ಸಮಸ್ಯೆ, ಮೂರು ತರಗತಿ

ರೈತನೊಬ್ಬನ ಹೊಲದ ಒಂದು ಬದಿಗೆ ಫರಸಿ ಕಲ್ಲಿನ ನೇರವಾದ ಉದ್ದನೆಯ ಗೋಡೆಯಿದೆ. ಅವನ ಬಳಿ 120 ಮೀಟರ್ ಉದ್ದದ ಬೇಲಿಯಿದೆ. ಗೋಡೆಯನ್ನು ಒಂದು ಬದಿಯಾಗಿಟ್ಟುಕೊಂಡು, ಉಳಿದ ಮೂರು ಬದಿಗೆ ಬೇಲಿ ಹಾಕಿ, ಕಾಯಿಪಲ್ಲೆಗಾಗಿ ಆಯತಾಕಾರದ ಜಾಗವನ್ನು ಕಟ್ಟಬೇಕು. ವಿಸ್ತೀರ್ಣ ಅತಿ ಹೆಚ್ಚಾಗಲು ಅಳತೆಗಳು ಎಷ್ಟಿರಬೇಕು?

ಎಂಟನೆಯ ತರಗತಿಯಲ್ಲಿ ಕೋಷ್ಟಕ ಸಾಕು. ಗೋಡೆಗೆ ಲಂಬವಾದ ಅಗಲ 10 ಮೀಟರ್ ಆದರೆ ಉದ್ದ 100, ವಿಸ್ತೀರ್ಣ 1000 ಚದರ ಮೀಟರ್. ಅಗಲ 20 ಆದರೆ 1600. 30 ಆದರೆ 1800. 40 ಆದರೆ ಮತ್ತೆ 1600. ಬೇಲಿ ಅಷ್ಟೇ ಇದ್ದರೂ ವಿಸ್ತೀರ್ಣ ಏರಿ ಇಳಿಯುತ್ತದೆ ಎಂಬುದನ್ನು ಮಗು ಕಣ್ಣಾರೆ ಕಾಣುತ್ತದೆ.

ಹತ್ತನೆಯ ತರಗತಿಯಲ್ಲಿ ಅಕ್ಷರಗಳನ್ನು ಬಳಸೋಣ. ಅಗಲ ‘ಅ’, ಉದ್ದ ‘ಉ’, ವಿಸ್ತೀರ್ಣ ‘ವಿ’ ಆಗಿರಲಿ. ಬೇಲಿಯ ನಿರ್ಬಂಧದಿಂದ ಉ = 120 − 2ಅ. ಆದ್ದರಿಂದ ವಿ = 120ಅ − 2ಅ². ವರ್ಗವನ್ನು ಪೂರ್ಣಗೊಳಿಸಿದರೆ ವಿ = 1800 − 2(ಅ − 30)². ವರ್ಗವು ಋಣವಾಗದು; ಆದುದರಿಂದ 1800ರಿಂದ ಏನನ್ನೂ ಕಳೆಯದಿರಬೇಕಾದರೆ ಅ = 30 ಆಗಲೇಬೇಕು. ಆಗ ಉದ್ದ 60 ಮೀಟರ್. ವರ್ಗಸಮೀಕರಣದ ಪಾಠದಲ್ಲಿ ಕಲಿಸುವ ವಿಧಾನಕ್ಕೆ ಇಂತಹ ಉಪಯೋಗವಿದೆಯೆಂದು ಮಕ್ಕಳಿಗೆ ಇಲ್ಲಿ ತೋರಿಸಬಹುದು.

ಇಂಟರ್‌ಮೀಡಿಯಟ್‌ನಲ್ಲಿ ಇದೇ ಫಲನದ ನಿಷ್ಪನ್ನ 120 − 4ಅ. ಅದನ್ನು ಸೊನ್ನೆಗೆ ಸಮೀಕರಿಸಿದರೆ ಅ = 30. ಎರಡನೆಯ ನಿಷ್ಪನ್ನ −4, ಋಣಸಂಖ್ಯೆ. ಆದ್ದರಿಂದ ಇದು ಗರಿಷ್ಠ. ಕೋಷ್ಟಕದಲ್ಲಿ ಏರಿಕೆ ನಿಂತು ಇಳಿಕೆ ಆರಂಭವಾದ ಸ್ಥಳವನ್ನು ನೋಡಿದ ಮಗುವಿಗೆ, ಅಲ್ಲಿ ನಿಷ್ಪನ್ನ ಸೊನ್ನೆಯಾಗುವುದೇಕೆ ಎಂದು ಬೇರೆಯಾಗಿ ವಿವರಿಸಬೇಕಿಲ್ಲ.

ಸೊನ್ನೆಯೊಂದೇ ಉತ್ತರವಲ್ಲ

ಈಗ ಒಂದು ವಾಕ್ಯವನ್ನು ಮಾತ್ರ ಬದಲಿಸೋಣ: ಗೋಡೆಯ ಉದ್ದ ಕೇವಲ 50 ಮೀಟರ್, ಜಾಗವು ಗೋಡೆಯನ್ನು ಮೀರಿ ಚಾಚಬಾರದು. ಹಿಂದಿನ ಉತ್ತರಕ್ಕೆ 60 ಮೀಟರ್ ಉದ್ದದ ಗೋಡೆ ಬೇಕು, ಅದು ಇಲ್ಲ. ಉದ್ದ 50ನ್ನು ಮೀರದಿರಬೇಕಾದರೆ ಅಗಲ ಕನಿಷ್ಠ 35 ಇರಬೇಕು. 35ರಿಂದ ಮುಂದೆ ನಿಷ್ಪನ್ನ ಋಣವಾಗಿಯೇ ಇರುತ್ತದೆ, ಅಂದರೆ ವಿಸ್ತೀರ್ಣ ಇಳಿಯುತ್ತಲೇ ಹೋಗುತ್ತದೆ. ಹೀಗಾಗಿ ಅತಿ ಹೆಚ್ಚಿನ ವಿಸ್ತೀರ್ಣ ದೊರೆಯುವುದು ಅಂಚಿನಲ್ಲಿ: ಅಗಲ 35, ಉದ್ದ 50, ವಿಸ್ತೀರ್ಣ 1750 ಚದರ ಮೀಟರ್. ಅಲ್ಲಿ ನಿಷ್ಪನ್ನ ಸೊನ್ನೆಯಲ್ಲ. ‘ನಿಷ್ಪನ್ನ ತೆಗೆ, ಸೊನ್ನೆಗೆ ಸಮೀಕರಿಸು’ ಎಂದಷ್ಟೇ ಬಾಯಿಪಾಠ ಮಾಡಿದ ವಿದ್ಯಾರ್ಥಿ ಇಲ್ಲಿ 1800 ಎಂದು ಬರೆದು ಅಂಕ ಕಳೆದುಕೊಳ್ಳುತ್ತಾನೆ. ವಾಕ್ಯವನ್ನು ಓದಿ ಚಿತ್ರ ಬರೆದವನು ಕಳೆದುಕೊಳ್ಳುವುದಿಲ್ಲ.

ಇನ್ನೊಂದು ಉದಾಹರಣೆ. 18 ಸೆಂ.ಮೀ. ಬಾಹುವಿನ ಚೌಕಾಕಾರದ ತಗಡಿನ ನಾಲ್ಕು ಮೂಲೆಗಳಲ್ಲಿ ‘ಬ’ ಬಾಹುವಿನ ಚೌಕಗಳನ್ನು ಕತ್ತರಿಸಿ, ಅಂಚುಗಳನ್ನು ಮಡಿಸಿ, ಮೇಲೆ ತೆರೆದ ಪೆಟ್ಟಿಗೆ ಮಾಡಬೇಕು. ಘನಫಲ ಬ(18 − 2ಬ)². ನಿಷ್ಪನ್ನ (18 − 2ಬ)(18 − 6ಬ). ಇದು ಬ = 9 ಅಥವಾ ಬ = 3 ಆದಾಗ ಸೊನ್ನೆ. 9 ಎಂದರೆ ತಗಡು ಪೂರ್ತಿ ಕತ್ತರಿಸಿಹೋಗಿ ಪೆಟ್ಟಿಗೆಯೇ ಉಳಿಯದು. 3 ಆದರೆ ಘನಫಲ 432 ಘನ ಸೆಂ.ಮೀ. ಇದನ್ನು ತರಗತಿಯಲ್ಲಿ ರಟ್ಟಿನಿಂದ ಮಾಡಿಸಿರಿ: ಒಂದು ಗುಂಪು 2, ಇನ್ನೊಂದು 3, ಮತ್ತೊಂದು 4 ಸೆಂ.ಮೀ. ಕತ್ತರಿಸಲಿ. ಘನಫಲಗಳು ಕ್ರಮವಾಗಿ 392, 432, 400 ಬರುತ್ತವೆ. ಕಲನಶಾಸ್ತ್ರವಿಲ್ಲದೆಯೂ ಒಂಬತ್ತನೆಯ ತರಗತಿಯ ಮಗು ಇದನ್ನು ಮಾಡಬಲ್ಲದು.

ಪದಗಳ ಸೇತುವೆ

ಮಾತಿನ ಲೆಕ್ಕ ಈ ಸೀಮೆಗೆ ಹೊಸದಲ್ಲ. ತಾಂಡೂರಿನ ಬಳಿ ಹರಿಯುವ ಕಾಗಿಣಾ ನದಿಯೇ ಮುಂದೆ ಮಳಖೇಡವನ್ನು, ಅಂದರೆ ರಾಷ್ಟ್ರಕೂಟರ ಮಾನ್ಯಖೇಟವನ್ನು, ಮುಟ್ಟುತ್ತದೆ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ಇಂತಹ ಮಾತಿನ ಲೆಕ್ಕಗಳಿಂದ ತುಂಬಿದೆ. ಅದನ್ನು ಪಾವುಲೂರಿ ಮಲ್ಲನನು ತೆಲುಗಿಗೆ ತಂದನು. ಮುಂದೆ 12ನೆಯ ಶತಮಾನದಲ್ಲಿ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’ವನ್ನು ಬರೆದನು. ಒಂದೇ ಗಣಿತ ಮೂರು ಭಾಷೆಗಳಲ್ಲಿ ಸಾಗಿ ಬಂದ ನೆಲ ಇದು.

ನಮ್ಮ ಮಕ್ಕಳೂ ಆ ದಾರಿಯಲ್ಲೇ ನಡೆಯುವವರು. ಅವರಿಗೆ ಪದಗಳ ವ್ಯತ್ಯಾಸವನ್ನು ಮುಂಚಿತವಾಗಿ ತಿಳಿಸುವುದು ನಮ್ಮ ಕರ್ತವ್ಯ. ‘ಗರಿಷ್ಠ’, ‘ಕನಿಷ್ಠ’ ಎಂಬ ಪದಗಳು ತೆಲುಗಿನಲ್ಲೂ ಅವೇ, ಭಯವಿಲ್ಲ. ಆದರೆ ‘ಪ್ರಮೇಯ’ದ ವಿಷಯದಲ್ಲಿ ಎಚ್ಚರಿಕೆ ಬೇಕು. ಪೈಥಾಗೊರಸ್ ಪ್ರಮೇಯವನ್ನು ನಮ್ಮಲ್ಲಿ ಕಲಿತ ಮಗು ತೆಲುಗು ಪುಸ್ತಕ ತೆರೆದರೆ ‘ಪ್ರಮೇಯಂ’ ಎಂದರೆ ಫಲನ ಎಂಬ ಅರ್ಥ! ನಮ್ಮ ಪ್ರಮೇಯವನ್ನು ಅಲ್ಲಿ ‘ಸಿದ್ಧಾಂತಂ’ ಎನ್ನುತ್ತಾರೆ. ನಮ್ಮ ಫಲನ ಇಂಗ್ಲಿಷಿನಲ್ಲಿ ಫಂಕ್ಷನ್. ನಮ್ಮ ನಿಷ್ಪನ್ನ ತೆಲುಗಿನಲ್ಲಿ ‘ಅವಕಲಜಂ’, ಇಂಗ್ಲಿಷಿನಲ್ಲಿ ಡೆರಿವೇಟಿವ್. ಈ ನಾಲ್ಕೈದು ಪದಗಳ ಪಟ್ಟಿಯನ್ನು ತರಗತಿಯ ಗೋಡೆಗೆ ಅಂಟಿಸಿದರೆ, ಗಣಿತ ಬಲ್ಲ ಮಗು ಪದದ ಕಾರಣದಿಂದ ಹಿಂದೆ ಬೀಳುವುದು ತಪ್ಪುತ್ತದೆ.

ತರಗತಿಗೆ ಐದು ಪ್ರಶ್ನೆಗಳು

ಪ್ರತಿಯೊಂದು ಮಾತಿನ ಲೆಕ್ಕದ ಮುಂದೆ, ಬಿಡಿಸುವುದಕ್ಕೆ ಮೊದಲು, ಈ ಪ್ರಶ್ನೆಗಳನ್ನು ಕೇಳಿಸಿರಿ:

1. ಯಾವುದನ್ನು ಹೆಚ್ಚಿಸಬೇಕು ಅಥವಾ ಕಡಿಮೆ ಮಾಡಬೇಕು?
2. ಯಾವುದು ಬದಲಾಗದು? (ನಮ್ಮ ಉದಾಹರಣೆಯಲ್ಲಿ 120 ಮೀಟರ್ ಬೇಲಿ.)
3. ಯಾವುದನ್ನು ನಾವು ಆರಿಸಬಹುದು? ಅದಕ್ಕೆ ಒಂದು ಅಕ್ಷರ ಕೊಡಿ.
4. ಆ ಅಕ್ಷರ ಎಷ್ಟರಿಂದ ಎಷ್ಟರವರೆಗೆ ಇರಬಹುದು?
5. ಬಂದ ಉತ್ತರವನ್ನು ಹೊಲದಲ್ಲಿ, ತಗಡಿನಲ್ಲಿ ನಿಜವಾಗಿ ಅಳೆಯಲು ಸಾಧ್ಯವೇ?

ಐದರಲ್ಲಿ ಯಾವುದಕ್ಕೂ ನಿಷ್ಪನ್ನ ಬೇಡ, ಕನ್ನಡ ಸಾಕು. ಮಕ್ಕಳು ಉತ್ತರಗಳನ್ನು ಪೂರ್ಣ ವಾಕ್ಯಗಳಲ್ಲಿ ಬರೆಯಲಿ. ಆ ವಾಕ್ಯಗಳಿಗೂ ತಾವು ಅಂಕ ಕೊಡಿರಿ.

ಮುಂದಿನ ಸಭೆಗೆ ಬರುವಾಗ ಪ್ರತಿಯೊಬ್ಬರೂ ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಕಟ್ಟಿ ತರಬೇಕೆಂದು ಕೋರುತ್ತೇನೆ: ಕಬ್ಬಿನ ಗದ್ದೆ, ತೊಗರಿಯ ಕಣಜ, ಕಲ್ಲಿನ ಪಾಲಿಶ್ ಕಾರ್ಖಾನೆ, ಯಾವುದಾದರೂ ಆಗಬಹುದು. ಅಳತೆಗಳು ನಿಜವಾಗಿರಲಿ. ಆ ಸಮಸ್ಯೆಗಳನ್ನು ನಾವು ಪರಸ್ಪರ ಬದಲಾಯಿಸಿಕೊಂಡು ಅಲ್ಲಿಯೇ ಬಿಡಿಸೋಣ.