ಹಳೆಯ ಗಣಕದ ಮುಂದೆ

ನನ್ನ ಮೇಜಿನ ಮೇಲಿನ ಗಣಕಯಂತ್ರಕ್ಕೆ ಈಗ ಹನ್ನೆರಡು ವರ್ಷ. ಬೆಳಿಗ್ಗೆ ಗುಂಡಿಯೊತ್ತಿ, ಸ್ನಾನ ಮುಗಿಸಿ ಬಂದರೂ ಅದು ಪೂರ್ತಿ ಕಣ್ತೆರೆದಿರುವುದಿಲ್ಲ. ‘ಸರ್, ಹೊಸದನ್ನೇ ಕೊಂಡುಬಿಡಿ’ ಎಂದ, ರಿಪೇರಿಗೆ ಬಂದ ತರುಣ.

ಹಾರ್ಡ್ ಡಿಸ್ಕಿನ ಬದಲು ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರ ಚುರುಕಾಗುವುದು ನಿಜ. ಆದರೆ ವಿಂಡೋಸ್ 10ಕ್ಕಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ನನ್ನ ಯಂತ್ರದಲ್ಲಿಲ್ಲ.

ಕೇಳುಗ ಮಿತ್ರರೇ, ನನ್ನ ಅಳುಕು ಬೇರೆಯೇ ಆಗಿತ್ತು. ತಾರುಣ್ಯದಲ್ಲಿ ಹಳ್ಳಿಯ ಮುದುಕಿಯರಿಂದ ಬರೆದುಕೊಂಡ ಬೀಸುವ ಪದಗಳು ಅದರೊಳಗಿವೆ. ಹಾಡಿದವರು ಈಗಿಲ್ಲ, ಬರೆದ ಪುಸ್ತಕಗಳು ಗೆದ್ದಲಿನ ಪಾಲಾದವು. ಅವನ್ನೆಲ್ಲ ನಾನು ಬೆರಳಚ್ಚು ಮಾಡಿದ್ದು ಯೂನಿಕೋಡ್ ಅಲ್ಲದ ‘ನುಡಿ’ ಫಾಂಟಿನಲ್ಲಿ. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡವೇ ಕಾಣದು, ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ.

ಆದುದರಿಂದ ಮೊದಲು ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದೆ. ಒತ್ತಕ್ಷರ, ಅರ್ಕಾವತ್ತುಗಳನ್ನು ಹಳೆಯ ತೆರೆಯೊಡನೆ ಸಾಲುಸಾಲಾಗಿ ಹೋಲಿಸಿ ತಿದ್ದಿದೆ. ಎರಡು ಪ್ರತಿ ಬೇರೆಬೇರೆ ಕಡೆ ಇರಿಸಿದೆ. ಹೊಸ ಯಂತ್ರ ಕೊಂಡದ್ದು ಆಮೇಲೆ.

ಕಣಜ ಹಳತಾದರೆ ಬದಲಿಸಲೇಬೇಕು; ಆದರೆ ಬಿತ್ತನೆಯ ಬೀಜವನ್ನು ಮೊದಲು ಎತ್ತಿಟ್ಟುಕೊಳ್ಳಬೇಕು.