ಅಧ್ಯಕ್ಷರ ಕೋಟಿನ ಬಾಲ



ಅಮೆರಿಕದಲ್ಲಿ ಅಧ್ಯಕ್ಷರಾಗಿ ಯಾರು ಗೆದ್ದರೆಂಬುದು ಇಲ್ಲಿಯ ಪತ್ರಿಕೆಗಳಿಗೂ ಮುಖಪುಟದ ಸುದ್ದಿ. ಅದೇ ದಿನ, ಅದೇ ಮತಗಟ್ಟೆಯಲ್ಲಿ ಪ್ರತಿನಿಧಿ ಸಭೆಯ 435 ಸ್ಥಾನಗಳಿಗೂ ಸೆನೆಟ್‌ನ ಸುಮಾರು ಮೂರನೇ ಒಂದು ಭಾಗಕ್ಕೂ ಚುನಾವಣೆ ನಡೆಯುತ್ತದೆ ಎಂಬುದು ಮಾತ್ರ ಒಳಪುಟದ ಪಾಲು. ಈ ಎರಡು ಸದನಗಳು ಸೇರಿದ ಸಂಸತ್ತಿಗೇ ಅಲ್ಲಿ ಕಾಂಗ್ರೆಸ್ ಎನ್ನುವುದು. ಅದು ಪಕ್ಷದ ಹೆಸರಲ್ಲ.

ಅಧ್ಯಕ್ಷ ಪದವಿಯ ಹುರಿಯಾಳು ತನ್ನ ಪಕ್ಷದವರನ್ನೂ ದಡ ಸೇರಿಸುವುದಕ್ಕೆ ಅಲ್ಲಿಯವರು 'ಕೋಟಿನ ಬಾಲ' ಎನ್ನುತ್ತಾರೆ. ಹಳೆಯ ಕಾಲದ ಉದ್ದ ಕೋಟಿನ ಹಿಂದೆ ಜೋತಾಡುವ ತುದಿ ಅದು. ಮಾತು ಹಳೆಯದು. 1848ರಲ್ಲಿ ವಿಗ್ ಪಕ್ಷದವರು ಜನರಲ್ ಟೇಲರ್ ಅವರ ಕೋಟಿನ ಬಾಲದಡಿ ಅಡಗಿದ್ದಾರೆಂದು ಎದುರಾಳಿಗಳು ಹಂಗಿಸಿದಾಗ, ಆ ಪಕ್ಷದ ಸದಸ್ಯ ಅಬ್ರಹಾಂ ಲಿಂಕನ್ ಸದನದಲ್ಲೇ ಎದ್ದು, ನೀವು ಇಷ್ಟು ವರ್ಷ ಜನರಲ್ ಜಾಕ್ಸನ್ ಅವರ ಕೋಟಿನಡಿ ಇದ್ದವರಲ್ಲವೇ ಎಂದು ತಿರುಗಿ ಹಂಗಿಸಿದ್ದರು.

ಈ ಬಾಲದ ಬಲ ನೋಡಬೇಕಾದರೆ 1964ಕ್ಕೆ ಹೋಗಬೇಕು. ಡೆಮಾಕ್ರಾಟಿಕ್ ಪಕ್ಷದ ಲಿಂಡನ್ ಜಾನ್ಸನ್ ಎದುರು ರಿಪಬ್ಲಿಕನ್ ಪಕ್ಷದ ಬ್ಯಾರಿ ಗೋಲ್ಡ್‌ವಾಟರ್ ಗೆದ್ದದ್ದು ಬರೀ ಆರು ರಾಜ್ಯ. ಜೋಳ ಬೆಳೆಯುವ ಅಯೋವಾದ ಏಳು ಸ್ಥಾನಗಳಲ್ಲಿ ಡೆಮಾಕ್ರಾಟರಿಗೆ ಇದ್ದದ್ದು ಒಂದು. ಆ ಸಲ ಆರಾಯಿತು. ಹೊಸಬರಲ್ಲಿ ಒಬ್ಬರು ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರು! ನ್ಯೂಯಾರ್ಕ್‌ನ ಸೆನೆಟರ್ ಕೆನೆತ್ ಕೀಟಿಂಗ್, ಗೋಲ್ಡ್‌ವಾಟರ್‌ಗೆ ಬೆಂಬಲ ಕೊಡುವುದಿಲ್ಲವೆಂದು ಬಹಿರಂಗವಾಗಿಯೇ ದೂರ ನಿಂತರು. ಆದರೂ ರಾಬರ್ಟ್ ಕೆನಡಿ ಎದುರು ಸೋತರು. ಮುಳುಗುವ ದೋಣಿಯಿಂದ ಹಾರಿದವರೆಲ್ಲ ಈಜಿ ದಡ ಸೇರುವುದಿಲ್ಲ.

ಅದೇ ಗೋಲ್ಡ್‌ವಾಟರ್ ದಕ್ಷಿಣದಲ್ಲಿ ಬೇರೆಯೇ ಆಗಿದ್ದರು. ಕಪ್ಪು ಜನರ ಹಕ್ಕು ಕಾಯುವ 1964ರ ನಾಗರಿಕ ಹಕ್ಕು ಕಾಯ್ದೆಗೆ ಅವರು ಸೆನೆಟ್‌ನಲ್ಲಿ ವಿರುದ್ಧ ಮತ ಹಾಕಿದ್ದರು. ಅಲ್ಲಿನ ಬಿಳಿಯರಿಗೆ ಅಷ್ಟೇ ಸಾಕಾಯಿತು. ಅಲಬಾಮದ ಮತಪತ್ರದಲ್ಲಿ ಜಾನ್ಸನ್ ಹೆಸರೇ ಇರಲಿಲ್ಲ. ಡೆಮಾಕ್ರಾಟರ ಕೋಟೆಯಾಗಿದ್ದ ಆ ರಾಜ್ಯದಲ್ಲಿ ಎಂಟರಲ್ಲಿ ಐದು ಸ್ಥಾನ ರಿಪಬ್ಲಿಕನ್ನರಿಗೆ ಹೋದವು. ಒಬ್ಬನೇ ಹುರಿಯಾಳು, ಒಂದು ಕಡೆ ಹೊರೆ, ಇನ್ನೊಂದು ಕಡೆ ಏಣಿ.

ಇದು ಬರೀ ಸ್ಥಾನಗಳ ಲೆಕ್ಕವಲ್ಲ. ವರ್ಷಗಟ್ಟಲೆ ಸಮಿತಿಯಲ್ಲಿ ಕೊಳೆಯುತ್ತಿದ್ದ ವೃದ್ಧರ ಆಸ್ಪತ್ರೆ ವಿಮೆ, 'ಮೆಡಿಕೇರ್', ಹೊಸ ಸದನದಲ್ಲಿ ಪಾಸಾಗಿ 1965ರ ಜುಲೈನಲ್ಲಿ ಕಾಯ್ದೆಯಾಯಿತು. ಆದರೆ 1966ರಲ್ಲಿ ಜಾನ್ಸನ್ ಹೆಸರು ಮತಪತ್ರದಲ್ಲಿ ಇರಲಿಲ್ಲ. ಡೆಮಾಕ್ರಾಟರು 47 ಸ್ಥಾನ ಕಳೆದುಕೊಂಡರು. ಅಯೋವಾದ ಐವರು ಹೊಸಬರಲ್ಲಿ ಉಳಿದದ್ದು ಒಬ್ಬರೇ; ಮೇಷ್ಟ್ರೂ ಮನೆಗೆ ಹೋದರು.

ಎಲ್ಲ ದೊಡ್ಡ ಗೆಲುವಿಗೂ ಬಾಲ ಇರುವುದಿಲ್ಲ. 1972ರಲ್ಲಿ ನಿಕ್ಸನ್ 49 ರಾಜ್ಯ ಗೆದ್ದರೂ ಎರಡೂ ಸದನ ಎದುರಾಳಿಗಳ ಕೈಯಲ್ಲೇ ಉಳಿದವು. ಅಧ್ಯಕ್ಷಗಿರಿಗೆ ಒಬ್ಬರು, ಊರಿನ ಕೆಲಸಕ್ಕೆ ಇನ್ನೊಬ್ಬರು ಎಂಬ ಜಾಣತನ ಆಗಿನ ಮತದಾರನಿಗಿತ್ತು. ಆಮೇಲೆ ಅದು ಕರಗಿತು. 2016ರಲ್ಲಿ ಸೆನೆಟ್ ಚುನಾವಣೆ ನಡೆದ ಪ್ರತಿ ರಾಜ್ಯದಲ್ಲೂ ಅಧ್ಯಕ್ಷ ಚುನಾವಣೆಯಲ್ಲಿ ಮುಂದಿದ್ದ ಪಕ್ಷವೇ ಗೆದ್ದಿತು. ಹಾಗೆಂದು ಪೂರ್ತಿ ಸತ್ತಿಲ್ಲ: 2024ರಲ್ಲಿ ಟ್ರಂಪ್ ಗೆದ್ದ ಅರಿಜೋನ, ನೆವಾಡ, ಮಿಷಿಗನ್, ವಿಸ್ಕಾನ್ಸಿನ್‌ಗಳಲ್ಲಿ ಸೆನೆಟ್ ಸ್ಥಾನ ಡೆಮಾಕ್ರಾಟರಿಗೆ ಬಂತು.

ಹುರಿಯಾಳಿನ ಇನ್ನೊಂದು ಕೆಲಸ ಜನರನ್ನು ಮತಗಟ್ಟೆಗೆ ತರುವುದು. 1980ರಲ್ಲಿ ಜಿಮ್ಮಿ ಕಾರ್ಟರ್ ರೇಗನ್‌ಗೆ ಸೋತೆನೆಂದು ಒಪ್ಪಿಕೊಂಡಾಗ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಸಂಜೆ ಏಳು ಗಂಟೆಯೂ ಆಗಿರಲಿಲ್ಲ. ಮತದಾನ ಎಂಟರವರೆಗೆ ಇತ್ತು. ಮುಖ್ಯ ಪಂದ್ಯ ಮುಗಿದ ಮೇಲೆ ಸರದಿಯಲ್ಲಿ ಏಕೆ ನಿಲ್ಲಬೇಕು ಎಂದು ಕೆಲವರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಎಷ್ಟು ಮಂದಿ ಹಿಂದಿರುಗಿದರು ಎಂಬುದಕ್ಕೆ ಲೆಕ್ಕ ಯಾರ ಬಳಿಯೂ ಇಲ್ಲ. ಕಾರ್ಟರ್ ಪಕ್ಷದವರಂತೂ ಕೆಂಡಕಾರಿದರು. ಸುಮಾರು ಇಪ್ಪತ್ತು ವರ್ಷ ಸದಸ್ಯರಾಗಿದ್ದ ಲಾಸ್ ಏಂಜಲಿಸ್‌ನ ಜೇಮ್ಸ್ ಕಾರ್ಮನ್ ಆ ರಾತ್ರಿ ಸೋತದ್ದು 752 ಮತಗಳಿಂದ.