ಕಾಲು ಕಸಿಯುವ ಎಣ್ಣೆ
(ಕಾರ್ಮಿಕರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿದ್ದೀರಿ. ಕೆಲವರ ಅಂಗಿಯ ತೋಳಿನ ಮೇಲೆ ಎಣ್ಣೆಯ ಕಲೆ ಇನ್ನೂ ಇದೆ. ಆ ಕಲೆಯಿಂದಲೇ ನನ್ನ ಮಾತನ್ನು ಆರಂಭಿಸುತ್ತೇನೆ.

ಪಿ.ವಿ.ಸಿ. ಎಂಬ ಪ್ಲಾಸ್ಟಿಕ್ಕು ಹುಟ್ಟಿನಿಂದ ಗಡಸು. ನೀರಿನ ಪೈಪು ಅದರದೇ. ಅದು ವೈರಿನ ಹೊದಿಕೆಯಂತೆ ಬಾಗಬೇಕಾದರೆ ಎಣ್ಣೆಯಂಥ ಒಂದು ದ್ರವವನ್ನು ಬೆರೆಸಬೇಕು. ಹೋಳಿಗೆಯ ಕಣಕಕ್ಕೆ ಎಣ್ಣೆ ಹಾಕಿ ನಾದುತ್ತಾರಲ್ಲ, ಹಾಗೆ. ಈ ದ್ರವಗಳಿಗೆ ಪ್ಲಾಸ್ಟಿಸೈಸರ್ ಎಂದು ಹೆಸರು. ಅವು ಹಲವು ಬಗೆ. ನಾನು ಹೇಳಹೊರಟಿರುವುದು ಅವುಗಳಲ್ಲಿ ಒಂದಾದ ಟ್ರೈಕ್ರೆಸಿಲ್ ಫಾಸ್ಫೇಟ್ ವಿಷಯ, ಚಿಕ್ಕದಾಗಿ ಟಿ.ಸಿ.ಪಿ. ಬೆಂಕಿಗೆ ಬೇಗ ಹತ್ತಿಕೊಳ್ಳಬಾರದ ಪ್ಲಾಸ್ಟಿಕ್ಕಿಗೆ ಇದನ್ನು ಹಾಕುತ್ತಾರೆ. ವಾರ್ನಿಷಿಗೂ, ವಿಮಾನದ ಎಂಜಿನ್ ಎಣ್ಣೆಗೂ ಇದು ಬೀಳುತ್ತದೆ.

ಇದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲವೆಂದೇ ಹೇಳಬೇಕು. ಆಮ್ಲ ಸಿಡಿದರೆ ಮನುಷ್ಯ ಕೂಗಿಕೊಳ್ಳುತ್ತಾನೆ, ಅಮೋನಿಯಾ ಸೋರಿದರೆ ಓಡುತ್ತಾನೆ. ಟಿ.ಸಿ.ಪಿ. ಬಿದ್ದರೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು ಬೀಡಿ ಹಚ್ಚುತ್ತಾನೆ. ಅದು ಉರಿಯದೆ, ತುರಿಸದೆ ಚರ್ಮದ ಮೂಲಕ ಮೈಯೊಳಕ್ಕೆ ಇಳಿಯುತ್ತದೆ. ಬಾಯಿಂದ ಹೋದರಂತೂ ಇನ್ನೂ ಬೇಗ. ಆ ದಿನ ಹೊಟ್ಟೆ ಕೆಡಬಹುದು, ಕೆಡದೆಯೂ ಇರಬಹುದು. ಒಂದರಿಂದ ಮೂರು ವಾರ ಕಳೆದ ಮೇಲೆ ಮೀನಖಂಡ ನೋಯುತ್ತದೆ, ಪಾದ ಜುಮ್ಮೆನ್ನುತ್ತದೆ. ನಂತರ ಪಾದ ಮೇಲೇಳದೆ ನೆಲಕ್ಕೆ ಬಡಿಯುತ್ತದೆ. ಆಮೇಲೆ ಮಣಿಕಟ್ಟೂ ಜೋಲುತ್ತದೆ. ಸತ್ತ ನರವನ್ನು ಬದುಕಿಸುವ ಮದ್ದು ಇಲ್ಲ. ಕೆಲವರು ತಿಂಗಳುಗಟ್ಟಲೆ ಕಾದು ಚೇತರಿಸಿಕೊಳ್ಳುತ್ತಾರೆ; ಕೆಲವರ ಕಾಲು ಹಾಗೆಯೇ ಉಳಿಯುತ್ತದೆ.

ಲೋಕಕ್ಕೆ ಇದು ತಿಳಿದದ್ದು ಬಡವರ ಕಾಲುಗಳಿಂದಲೇ. ಅಮೆರಿಕದಲ್ಲಿ ಪಾನನಿರೋಧವಿದ್ದ ಕಾಲದಲ್ಲಿ ಬಡವರು ಶುಂಠಿಯ ಸಾರವನ್ನು ಮದ್ಯದ ಬದಲಿಗೆ ಕುಡಿಯುತ್ತಿದ್ದರು. ಸರ್ಕಾರದ ಪರೀಕ್ಷಕರು ಅದನ್ನು ಕುದಿಸಿ ಆರಿಸಿ, ಉಳಿದ ಗಷ್ಟಿನಲ್ಲಿ ಶುಂಠಿ ಎಷ್ಟಿದೆಯೆಂದು ತೂಗುತ್ತಿದ್ದರು. ಆರಿಹೋಗದ, ರುಚಿಯಿಲ್ಲದ, ಅಗ್ಗದ ಎಣ್ಣೆಯೊಂದನ್ನು ಬಾಸ್ಟನ್ನಿನ ವ್ಯಾಪಾರಿಗಳು ಹುಡುಕಿ ಬೆರೆಸಿದರು. ಅದು ಪ್ಲಾಸ್ಟಿಸೈಸರ್ ಆಗಿ ಮಾರುತ್ತಿದ್ದ ಟಿ.ಸಿ.ಪಿ. 1930ರಲ್ಲಿ ಹತ್ತಾರು ಸಾವಿರ ಜನ ಕುಂಟಾದರು. 1959ರಲ್ಲಿ ಮೊರಾಕ್ಕೊದ ಮೆಕ್ನೆಸ್ ಕಡೆ, ಅಮೆರಿಕದ ವಿಮಾನ ನೆಲೆಯಲ್ಲಿ ಮಿಕ್ಕ ಎಂಜಿನ್ ಎಣ್ಣೆಯನ್ನು ಕೊಂಡವರು ಅಡಿಗೆ ಎಣ್ಣೆಗೆ ಸುರಿದರು. ಸುಮಾರು 10,000 ಜನರಿಗೆ ಲಕ್ವ. 1988ರಲ್ಲಿ ನಮ್ಮ ಕಲ್ಕತ್ತೆಯ ಬೇಹಾಲದಲ್ಲಿ ಕಲಬೆರಕೆಯ ಅಡಿಗೆ ಎಣ್ಣೆ ತಿಂದು ನೂರಾರು ಜನ ಹಾಸಿಗೆ ಹಿಡಿದರು. ಎಲ್ಲ ಕಡೆಯೂ ಅಗ್ಗದ ಮಾಲು ಕೊಂಡವನಿಗೇ ಪೆಟ್ಟು.

ಅದು ತಿಂದವರ ಕಥೆ, ನಮಗೇನು ಎಂದು ನೀವು ಕೇಳಬಹುದು. 1944ರಲ್ಲಿ ಇಂಗ್ಲೆಂಡಿನ ವೈದ್ಯ ಡೊನಾಲ್ಡ್ ಹಂಟರ್ ಮತ್ತು ಸಂಗಡಿಗರು, ಟಿ.ಸಿ.ಪಿ. ತಯಾರಿಸುವ ಕೆಲಸದಲ್ಲೇ ನರ ಕೆಟ್ಟ ಕಾರ್ಮಿಕರ ಬಗ್ಗೆ ಬರೆದರು. ಅವರು ಯಾವ ಕಲಬೆರಕೆಯನ್ನೂ ತಿಂದವರಲ್ಲ.

ಈಗ ಮಾಲೀಕರು ಹೇಳುವ ಮಾತು: “ನಮ್ಮ ಮಾಲಿನಲ್ಲಿ ಟ್ರೈ-ಆರ್ಥೋ ಇಲ್ಲ.” ಟಿ.ಸಿ.ಪಿ.ಯ ಅಣುವಿನಲ್ಲಿ ಮೂರು ಕ್ರೆಸಾಲ್ ತುಂಡುಗಳಿವೆ. ಆರ್ಥೋ ಎಂಬ ಬಗೆಯ ತುಂಡೇ ವಿಷದ ಮೂಲ. ಇಂದಿನ ಒಳ್ಳೆಯ ಮಾಲಿನಲ್ಲಿ ಆರ್ಥೋ ಬಹಳ ಕಡಿಮೆ, ಅದು ನಿಜ. ಆದರೆ ಮೂರರಲ್ಲಿ ಒಂದೇ ತುಂಡು ಆರ್ಥೋ ಆಗಿದ್ದರೂ ಅದು ವಿಷವೇ, ಮೂರೂ ಇದ್ದುದಕ್ಕಿಂತ ಹೆಚ್ಚಿನ ವಿಷ. ಆದುದರಿಂದ ಒಟ್ಟು ಆರ್ಥೋ ಎಷ್ಟು ಎಂದು ಕೇಳಿ.

ಕೆಲಸದಲ್ಲಿ ಏನು ಮಾಡಬೇಕು? ರಬ್ಬರ್ ಕೊಳವೆಯನ್ನು ಬಾಯಿಂದ ಎಳೆದು ಡ್ರಮ್ ಬರಿದು ಮಾಡುವುದನ್ನು ಇಂದಿಗೇ ನಿಲ್ಲಿಸಿ, ಪಂಪು ಕೇಳಿ. ಬಟ್ಟೆಯ ಕೈಗವಸು ಬೇಡ, ಅದು ಎಣ್ಣೆ ಕುಡಿದು ಇಡೀ ದಿನ ಚರ್ಮಕ್ಕೆ ಪಟ್ಟು ಹಾಕುತ್ತದೆ. ಎಣ್ಣೆ ಒಳಬಿಡದ ಗವಸು ಬೇಕು. ಕೈ ತೊಳೆಯುವುದಕ್ಕೆ ಸೋಪು, ನೀರು. ಥಿನ್ನರ್ ಕೂಡದು, ಅದು ಚರ್ಮದ ಜಿಡ್ಡನ್ನು ತೆಗೆದು ವಿಷಕ್ಕೆ ದಾರಿ ಮಾಡುತ್ತದೆ. ನೆನೆದ ಅಂಗಿಯನ್ನು ಮನೆಗೆ ಒಯ್ಯಬೇಡಿ, ಒಗೆಯುವ ಕೈ ಹೆಂಡತಿಯದು. ತಣ್ಣಗಿರುವಾಗ ಇದು ಗಾಳಿಗೆ ಏಳುವುದು ಕಡಿಮೆ; ಬಿಸಿ ರೋಲರಿನ ಮೇಲೆ ಹೊಗೆಯಾಗುತ್ತದೆ. ಅಲ್ಲಿ ಹೊಗೆ ಎಳೆಯುವ ಫ್ಯಾನು ಬೇಕೇ ಬೇಕು. ಟ್ರೈ-ಆರ್ಥೋಗೆ ಅಮೆರಿಕದ ಕಾನೂನು ಇಟ್ಟ ಮಿತಿ ಒಂದು ಘನ ಮೀಟರು ಗಾಳಿಗೆ 0.1 ಮಿಲಿಗ್ರಾಂ. ಮೂಗು ಅದನ್ನು ಹಿಡಿಯಲಾರದು.

ಖಾಲಿ ಡ್ರಮ್ಮು! ನೀರು ತುಂಬಲೆಂದು ಅದನ್ನು ಮನೆಗೆ ಹೊತ್ತವರು ಇಲ್ಲಿ ಯಾರಾದರೂ ಇದ್ದರೆ, ದಯವಿಟ್ಟು ಇವತ್ತೇ ವಾಪಸ್ಸು ತನ್ನಿ. ಡ್ರಮ್ಮಿಗೆ ತೂತು ಹೊಡೆದ ಮೇಲೆಯೇ ಅದು ಗೇಟು ದಾಟಬೇಕು.

ಇನ್ನು ನನ್ನನ್ನು ಬಹಳ ಕಾಡುವ ಸಂಗತಿ. ಗುತ್ತಿಗೆಯ ಹುಡುಗನೊಬ್ಬ ಹದಿನೈದು ದಿನ ಡ್ರಮ್ಮು ಉರುಳಿಸಿ ಊರಿಗೆ ಹೋದ ಎನ್ನಿ. ಅಲ್ಲಿ ಕಾಲು ಬಿತ್ತು. ಊರಿನವರು ಗಾಳಿ ಸೋಕಿತೆನ್ನುತ್ತಾರೆ, ವೈದ್ಯರು ಯಾವ ಕೆಲಸವೆಂದು ಕೇಳುವುದಿಲ್ಲ, ಕಾರ್ಖಾನೆಯ ಮಸ್ಟರಿನಲ್ಲಿ ಹೆಸರೇ ಇಲ್ಲ. ವಿಷ ಮಾಡಿದ ತಡವೇ ಮಾಲೀಕನಿಗೆ ವಕೀಲ. ಭೋಪಾಲದ ನಂತರ, 1987ರಲ್ಲಿ, ಅಪಾಯದ ಪ್ರಕ್ರಿಯೆಯಿರುವ ಕಾರ್ಖಾನೆಗಳಿಗೆಂದು ಕಾಯ್ದೆಯಲ್ಲಿ ಹೊಸ ಕಲಮುಗಳು ಸೇರಿದವು: ಅಪಾಯವನ್ನು ಕಾರ್ಮಿಕರಿಗೆ ತಿಳಿಸಬೇಕು, ಆರೋಗ್ಯದ ದಾಖಲೆ ಅವರ ಕೈಗೆ ಸಿಗಬೇಕು, ಕೆಲಸಕ್ಕೆ ಹಾಕುವ ಮೊದಲೂ ಕೆಲಸ ಬಿಟ್ಟ ಮೇಲೂ ತಪಾಸಣೆ ಆಗಬೇಕು. ಆದರೆ ತಪಾಸಣೆಗೆ ಕೊಟ್ಟ ಅವಧಿ ಹನ್ನೆರಡು ತಿಂಗಳು. ಕಾಲು ಬೀಳಲು ಮೂರು ವಾರ ಸಾಕು. ರಕ್ತದ ಕೊಲಿನೆಸ್ಟರೇಸ್ ಪರೀಕ್ಷೆ ಕೆಲಸಕ್ಕೆ ಸೇರುವ ದಿನ ಒಮ್ಮೆ, ಆಮೇಲೆ ಪದೇ ಪದೇ ಆಗಬೇಕು. ಅಳತೆ ಕುಗ್ಗಿದವನನ್ನು ಪೂರ್ತಿ ಕೂಲಿಯ ಮೇಲೆ ಬೇರೆ ಕೆಲಸಕ್ಕೆ ಹಾಕಬೇಕು.

ಪರಿಹಾರದ ಮಾತಿನಲ್ಲೂ ಎಚ್ಚರವಿರಲಿ. 1923ರ ಪರಿಹಾರ ಕಾಯ್ದೆಯ ಮೂರನೆಯ ಪಟ್ಟಿಯಲ್ಲಿ ರಂಜಕದ ರೋಗ ‘ಬಿ’ ಭಾಗದಲ್ಲಿತ್ತು. ಅದಕ್ಕೆ ಒಬ್ಬನೇ ಮಾಲೀಕನಲ್ಲಿ ಆರು ತಿಂಗಳು ಸತತ ದುಡಿದಿರಬೇಕಿತ್ತು. ಸಾವಯವ ರಂಜಕದ ವಿಷ ‘ಎ’ ಭಾಗದಲ್ಲಿತ್ತು. ಅದಕ್ಕೆ ಆ ಷರತ್ತು ಇರಲಿಲ್ಲ. ಟಿ.ಸಿ.ಪಿ. ಸಾವಯವ ರಂಜಕ. 2020ರ ಸಂಹಿತೆಯಲ್ಲೂ ಇಂಥ ಭಾಗಗಳ ಪಟ್ಟಿಯೇ ಬಂದಿದೆ. ಅರ್ಜಿ ಬರೆಯುವವರು ಈ ಒಂದು ಅಕ್ಷರವನ್ನು ತಪ್ಪಬಾರದು.

ಮುಂದಿನ ಸಭೆಗೆ ಬರುವಾಗ ಡ್ರಮ್ಮಿನ ಮೇಲಿನ ಚೀಟಿಯಲ್ಲಿ ಏನಿದೆಯೋ ಅದನ್ನು ಅಕ್ಷರ ಬಿಡದೆ ಬರೆದು ತನ್ನಿ. ಚೀಟಿ ಕಿತ್ತುಹೋಗಿದ್ದರೆ ಯಾವ ತಾರೀಖಿನಲ್ಲಿ ನೋಡಿದಿರಿ ಎಂದು ಬರೆಯಿರಿ. ಜೊತೆಗೆ, ಕಳೆದ ಮೂರು ತಿಂಗಳಲ್ಲಿ ಆ ಡ್ರಮ್ಮು ಮುಟ್ಟಿ ಕೆಲಸ ಬಿಟ್ಟುಹೋದವರ ಹೆಸರು ಮತ್ತು ಊರು.